ನಿಲ್ಲಬೇಡಿ, ಓಡಬೇಡಿ, ಹಿಂದೆ ಸರಿಯಬೇಡಿ

ಹನೋಯ್ ಊರಿನಲ್ಲಿ 80 ಲಕ್ಷಕ್ಕೂ ಹೆಚ್ಚು ಜನ, 60 ಲಕ್ಷಕ್ಕೂ ಹೆಚ್ಚು ಬೈಕು. ಕೈಗೂಸುಗಳನ್ನೂ ಮನೆಯಿಂದ ಹೊರಗೆ ಕಾಲಿಡದ ಹಿರಿಯರನ್ನೂ ಲೆಕ್ಕದಿಂದ ಬಿಟ್ಟರೆ ಆಳಿಗೊಂದು ಬೈಕು ಅಂತಲೇ ಹೇಳಬಹುದು. ಸಂಜೆ ಆಫೀಸು ಬಿಡುವ ಹೊತ್ತಿಗೆ ಇವೆಲ್ಲ ಒಟ್ಟಿಗೇ ರಸ್ತೆಗೆ ಇಳಿದಂತೆ ಕಾಣುತ್ತದೆ. ವಿಯೆಟ್ನಾಂನ ಈ ರಾಜಧಾನಿಯ ನಡುಮಧ್ಯೆ ಹೊವಾನ್ ಕಿಯೆಮ್ ಎಂಬ ಕೆರೆ ಇದೆ. ಅದರ ಉತ್ತರ ದಂಡೆಯಲ್ಲಿ, ಕಾರಂಜಿಯೊಂದರ ಸುತ್ತ ಹಲವು ರಸ್ತೆಗಳು ಬಂದು ಕೂಡುವ ಚೌಕ. ಅದರ ಪಕ್ಕದಲ್ಲಿ ಊರವರು ‘ಶಾರ್ಕ್ ದವಡೆ’ ಎಂದು ಕರೆಯುತ್ತಿದ್ದ ದೊಡ್ಡ ಕಟ್ಟಡವಿತ್ತು. ಅದರ ಮೇಲಂತಸ್ತಿನ ಕಾಫಿ ಅಂಗಡಿಯಲ್ಲಿ ಕೂತು ಕೆಳಗಿನ ಟ್ರಾಫಿಕ್ ನೋಡುವುದು ಪ್ರವಾಸಿಗರಿಗೆ ಒಂದು ಕಾರ್ಯಕ್ರಮವೇ ಆಗಿತ್ತು. ನಾವು ಹೋದದ್ದು 2025ರ ಜನವರಿಯಲ್ಲಿ. ಅದೇ ವರ್ಷ ಆ ಕಟ್ಟಡವನ್ನು ಕೆಡವಿದರು, ಹಾಗಾಗಿ ಆ ನೋಟ ನಮಗೆ ಸಿಕ್ಕಿದ್ದೇ ಪುಣ್ಯ.

ನನ್ನ ಜೊತೆ ಅಕ್ಕ ಮತ್ತು ಭಾವ ಇದ್ದರು. ಭಾವ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಜೀವಮಾನವಿಡೀ ಸ್ಕೂಟರ್ ಓಡಿಸಿದವರು. ಟ್ರಾಫಿಕ್ ವಿಷಯದಲ್ಲಿ ತಮಗೆ ಹೊಸದಾಗಿ ಕಲಿಯುವುದೇನೂ ಉಳಿದಿಲ್ಲ ಎಂದು ನಂಬಿದವರು. ತೆಂಗಿನಹಾಲಿನ ಕಾಫಿ ಮುಂದಿಟ್ಟುಕೊಂಡು ಬಹಳ ಹೊತ್ತು ಕೆಳಗೆ ನೋಡಿದರು. ಎಡದಿಂದ ಬಂದವರು ಬಲಕ್ಕೆ, ಬಲದಿಂದ ಬಂದವರು ಎಡಕ್ಕೆ, ಎದುರಿನಿಂದ ಬಂದವರು ಇವರಿಬ್ಬರ ಸಂದಿಯಲ್ಲಿ. ನಡುವೆ ಒಂದು ಸೈಕಲ್ ರಿಕ್ಷಾ, ಅದರ ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತ ಯುರೋಪಿನ ದಂಪತಿ. ಯಾರೂ ನಿಲ್ಲಲಿಲ್ಲ, ಯಾರಿಗೂ ಯಾರೂ ತಾಗಲಿಲ್ಲ. ಕೊನೆಗೆ ಭಾವ ಹೇಳಿದರು: “ಅಲ್ಲಪ್ಪಾ, ಇವ್ರಿಗೆ ಡಿಕ್ಕಿ ಹೊಡಿಯಾಕೂ ಪುರುಸೊತ್ತಿಲ್ಲ ನೋಡು.”

ಮೇಲಿನಿಂದ ನೋಡುವುದು ಬೇರೆ, ಕೆಳಗಿಳಿದು ದಾಟುವುದು ಬೇರೆ. ನಮ್ಮ ಹೋಟೆಲು ಹಳೇ ಪೇಟೆಯ ಒಂದು ಗಲ್ಲಿಯಲ್ಲಿತ್ತು. ಬೆಳ್ಳಿಗೊಂದು ಬೀದಿ, ರೇಷ್ಮೆಗೊಂದು ಬೀದಿ, ಪೂಜೆಯಲ್ಲಿ ಸುಡುವ ಕಾಗದದ ಸಾಮಾನಿಗೊಂದು ಬೀದಿ, ಹೀಗೆ ಕಸುಬಿಗೊಂದು ಬೀದಿ ಇರುವ ಪೇಟೆ ಅದು. ಎದುರು ಸಾಲಿನ ಅಂಗಡಿಗೆ ಹೋಗಬೇಕೆಂದರೂ ರಸ್ತೆ ದಾಟಬೇಕು. ಬಾಗಿಲಲ್ಲೇ ನಿಂತಿದ್ದ ನಮ್ಮನ್ನು ನೋಡಿ ಹೋಟೆಲಿನ ಹುಡುಗ ಹೊರಗೆ ಬಂದ. ಅಕ್ಕನ ತೋಳಿಗೆ ತನ್ನ ಕೈ ಕೊಟ್ಟು, ತನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಮೂರೇ ಮಾತು ಹೇಳಿದ: ನಿಲ್ಲಬೇಡಿ, ಓಡಬೇಡಿ, ಹಿಂದೆ ಸರಿಯಬೇಡಿ. ಭಾವ ತಕ್ಷಣ ಅರ್ಥ ಮಾಡಿಕೊಂಡರು. “ತೇರು ಹೋದಂಗ ಹೋಗ್ಬೇಕು ಅಂತಾನ. ನಿಧಾನಕ್ಕ, ನೆಟ್ಟಗ. ತೇರು ಎಲ್ಲಾರ ಹಿಂದಕ್ಕ ಬರ್ತತೇನು?”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಫುಟ್‌ಪಾತಿನಿಂದ ಕಾಲು ಕೆಳಗಿಟ್ಟ ಕ್ಷಣದಿಂದಲೇ ಹನೋಯ್‌ನ ಸವಾರರು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಇಪ್ಪತ್ತು ಮೂವತ್ತು ಅಡಿ ದೂರದಲ್ಲೇ ನಿಮ್ಮ ಹೆಜ್ಜೆಯ ವೇಗ ನೋಡಿ, ನಿಮ್ಮ ಮುಂದಿನಿಂದ ಹೋಗಬೇಕೋ ಹಿಂದಿನಿಂದ ಹೋಗಬೇಕೋ ತೀರ್ಮಾನಿಸಿರುತ್ತಾರೆ. ಬ್ರೇಕ್ ಹಾಕುವುದು ಅಪರೂಪ. ಹ್ಯಾಂಡಲನ್ನು ಒಂದಿಷ್ಟೇ ತಿರುಗಿಸುತ್ತಾರೆ, ಹಿಂದಿನವನು ಅವನನ್ನು ನೋಡಿ ತಾನೂ ಒಂದಿಷ್ಟು ವಾಲುತ್ತಾನೆ. ನೀವು ಗಾಬರಿಯಾಗಿ ನಿಂತರೆ ಅಥವಾ ಹಿಂದಕ್ಕೆ ಜಿಗಿದರೆ ಅಷ್ಟೂ ಜನರ ಲೆಕ್ಕ ತಪ್ಪುತ್ತದೆ. ಇದು ಬೈಕಿನವರ ಮಾತು. ಬಸ್ಸು, ಕಾರು ಹೀಗೆ ವಾಲಲಾರವು, ಅವು ಬಂದರೆ ಬಿಟ್ಟುಕೊಡಲೇಬೇಕು. ಇನ್ನೊಂದು ವಿಷಯ, ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಅರವತ್ತು ವರ್ಷದಿಂದ ಮೊದಲು ಬಲಕ್ಕೆ ಕತ್ತು ತಿರುಗಿಸಿ ರೂಢಿಯಾದವರು ಅಲ್ಲಿ ಮೊದಲು ಎಡಕ್ಕೆ ನೋಡಬೇಕು. ಭಾವ ಪ್ರತಿ ಸಲವೂ ಎರಡೂ ಕಡೆ ನೋಡಿ, ಆಮೇಲೆ ಆಕಾಶವನ್ನೂ ನೋಡಿ ಹೊರಡುತ್ತಿದ್ದರು.

ದಾಟುವುದರಲ್ಲಿ ನನ್ನ ನಿಜವಾದ ಗುರು ಆ ಹುಡುಗನಲ್ಲ, ಎದುರು ಸಾಲಿನಲ್ಲಿ ಪಪ್ಪಾಯಿ ಮಾರುತ್ತಿದ್ದ ಅಜ್ಜಿ. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ತುದಿಗೆ ಎರಡು ಬುಟ್ಟಿ, ತಲೆಗೆ ಎಲೆಯ ಟೋಪಿ. ಅಡ್ಡೆಯ ಉದ್ದವೇ ಒಂದು ಆಳಿನಷ್ಟಿತ್ತು. ಆಕೆ ರಸ್ತೆಗೆ ಇಳಿಯುವಾಗ ಕತ್ತನ್ನು ಎತ್ತಲೂ ಇಲ್ಲ. ಹೆಜ್ಜೆಗೊಮ್ಮೆ ಅಡ್ಡೆ ಬಳುಕುತ್ತಿತ್ತು, ಆ ಬಳುಕಿಗೆ ತಕ್ಕಂತೆ ಕಾಲು ಹಾಕುತ್ತಿದ್ದಳು. ಮುಂದಿನ ಬುಟ್ಟಿಯ ಮುಂದೆ ಕೆಲವು ಬೈಕು, ಹಿಂದಿನ ಬುಟ್ಟಿಯ ಹಿಂದೆ ಕೆಲವು ಬೈಕು, ಬುಟ್ಟಿಗಳ ನಡುವೆ ಅಜ್ಜಿ. ರಸ್ತೆಯ ನಡುವೆ ಒಬ್ಬ ಸವಾರ ಬೈಕು ನಿಧಾನ ಮಾಡಿ ಹಣ್ಣಿನ ರೇಟು ಕೇಳಿದ, ಆಕೆ ನಡೆಯುತ್ತಲೇ ಹೇಳಿದಳು, ಅವನು ಹೊರಟುಹೋದ. ವ್ಯಾಪಾರ ಕುದುರಲಿಲ್ಲ ಅಂತ ಕಾಣುತ್ತದೆ.

ಅಷ್ಟಕ್ಕೂ ನಡೆಯುವವರು ರಸ್ತೆಗೇ ಯಾಕೆ ಇಳಿಯಬೇಕು ಎಂದರೆ, ಫುಟ್‌ಪಾತಿನಲ್ಲಿ ಜಾಗವಿಲ್ಲ. ಅರ್ಧ ಭಾಗದಲ್ಲಿ ಸಾಲಾಗಿ ನಿಲ್ಲಿಸಿದ ಬೈಕುಗಳು, ಇನ್ನರ್ಧದಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಆ ಸ್ಟೂಲುಗಳ ಮೇಲೆ ಮುದುರಿ ಕೂತು ಇಡೀ ಊರು ಬೆಳಗ್ಗೆ ಬಿಸಿಬಿಸಿ ಸಾರಿನ ಅಕ್ಕಿಶಾವಿಗೆ ತಿನ್ನುತ್ತದೆ, ಸಂಜೆ ಚಹಾ ಕುಡಿಯುತ್ತದೆ. ನಮ್ಮ ಬೆಂಗಳೂರಿನ ಫುಟ್‌ಪಾತ್‌ನಲ್ಲೂ ಬೈಕು ನಿಲ್ಲುತ್ತದೆ, ಗಾಡಿ ಹೋಟೆಲ್ ನಡೆಯುತ್ತದೆ. ಅದನ್ನು ನೋಡಿ ಬೆಳೆದ ನನಗೆ ಹನೋಯ್ ಪರಕೀಯ ಅನಿಸಲಿಲ್ಲ. ಆದರೆ ಎರಡೂ ಕಡೆ ಒಂದೇ ಅನ್ಯಾಯ: ವಾಹನವಿಲ್ಲದವನಿಗೆ ಊರಿನಲ್ಲಿ ಕಾಲಿಡಲು ಒಂದು ಗಜ ನೆಲವಿಲ್ಲ.

ಈ ಬೈಕುಗಳೆಲ್ಲ ಬಂದದ್ದು ತೀರಾ ಹಳೆಯ ಕಾಲದಲ್ಲಲ್ಲ. 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಶುರುವಾಗುವವರೆಗೆ, ಅದಾದ ಮೇಲೂ ಕೆಲವು ವರ್ಷ, ಹನೋಯ್ ಸೈಕಲ್ಲುಗಳ ಊರಾಗಿತ್ತು. 1996ರಲ್ಲಿ ಹೊಂಡಾ ಕಂಪನಿ ವಿಯೆಟ್ನಾಂನಲ್ಲೇ ಕಾರ್ಖಾನೆಗೆ ಕೈಹಾಕಿತು. ಆಮೇಲೆ ಚೀನಾದ ಅಗ್ಗದ ಬೈಕುಗಳು ನುಗ್ಗಿದವು, ಅವಕ್ಕೆ ಪೈಪೋಟಿ ಕೊಡಲು ಹೊಂಡಾ 2002ರಲ್ಲಿ ಕಡಿಮೆ ಬೆಲೆಯ ‘ವೇವ್ ಆಲ್ಫಾ’ ತಂದಿತು. ಬಡವರ ಕೈಗೂ ಬೈಕು ಎಟುಕಿತು. ಹನೋಯ್‌ನ ಮನೆಗಳು ಇರುವುದು ಗಲ್ಲಿಯೊಳಗಿನ ಗಲ್ಲಿಗಳಲ್ಲಿ, ಕಾರು ಅಲ್ಲಿಗೆ ಮೂತಿ ತೂರಿಸಲಾರದು. ಬೈಕಾದರೆ ಮನೆಯ ಹಜಾರದವರೆಗೂ ಬರುತ್ತದೆ. ರಾತ್ರಿ ಹೊತ್ತು ಬಾಗಿಲು ತೆರೆದ ಮನೆಗಳಲ್ಲಿ ಇಣುಕಿದರೆ ಒಂದು ಕಡೆ ಟಿ.ವಿ. ನೋಡುತ್ತಿರುವ ಸಂಸಾರ, ಇನ್ನೊಂದು ಕಡೆ ಸೈಡ್ ಸ್ಟ್ಯಾಂಡ್ ಹಾಕಿ ನಿಂತ ಬೈಕುಗಳು, ಎಲ್ಲ ಒಂದೇ ಕುಟುಂಬ.

ನಾವಿದ್ದಾಗ ‘ಟೆಟ್’ ಹತ್ತಿರ ಬಂದಿತ್ತು. ಅದು ಅಲ್ಲಿನ ಚಾಂದ್ರಮಾನ ಹೊಸ ವರ್ಷ, ಆ ಸಲ ಜನವರಿ 29ಕ್ಕೆ. ಹಬ್ಬಕ್ಕೆ ಮನೆಯಲ್ಲಿ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆಯೋ, ಗೊಂಚಲು ಗೊಂಚಲು ಕಾಯಿಬಿಟ್ಟ ಪುಟ್ಟ ಕಿತ್ತಳೆಯ ಗಿಡವೋ ಇರಲೇಬೇಕು. ಅವುಗಳನ್ನು ಸಾಗಿಸುವುದು ಬೈಕಿನ ಮೇಲೆ! ಕುಂಡದ ಸಮೇತ, ಸವಾರನಿಗಿಂತ ಎತ್ತರದ ಗಿಡವನ್ನು ಹಿಂದಿನ ಸೀಟಿಗೆ ಹಗ್ಗ ಬಿಗಿದು ಕಟ್ಟುತ್ತಾರೆ. ಹಿಂದಿನಿಂದ ನೋಡಿದರೆ ಸವಾರನೂ ಕಾಣುವುದಿಲ್ಲ, ಬೈಕೂ ಕಾಣುವುದಿಲ್ಲ. ಕಿತ್ತಳೆ ಗಿಡವೊಂದು ತನ್ನ ಪಾಡಿಗೆ ಸಿಗ್ನಲಿನಲ್ಲಿ ನಿಂತು, ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗುತ್ತದೆ. ಕ್ವಾಂಗ್ ಬಾ ಹೂವಿನ ಮಾರುಕಟ್ಟೆ ನಡುರಾತ್ರಿಯಲ್ಲಿ ನಡೆಯುತ್ತದೆ, ಅಲ್ಲಿಂದ ಬೆಳಗಿನ ಜಾವ ಹೊರಡುವ ಬೈಕುಗಳಿಗೆ ಎರಡೂ ಬದಿ ರೆಕ್ಕೆ ಬಂದ ಹಾಗೆ ಹೂವಿನ ಕಟ್ಟು. ಬೈಕುಗಳು ಹೊರುವ ಇಂಥ ಹೊರೆಗಳ ಫೋಟೋಗಳನ್ನೇ ಸೇರಿಸಿ ಹಾನ್ಸ್ ಕೆಂಪ್ ಎಂಬ ಡಚ್ ಛಾಯಾಗ್ರಾಹಕರು ಒಂದು ಪುಸ್ತಕ ತಂದಿದ್ದಾರೆ. ಒಂದು ಪುಸ್ತಕಕ್ಕೆ ಮುಗಿಯುವ ವಿಷಯವಲ್ಲ ಅದು.

ಜಿನುಗುಮಳೆ ಬಂದರೆ ಇನ್ನೊಂದು ಸೊಗಸು. ಅಲ್ಲಿನ ರೈನ್‌ಕೋಟಿಗೆ ಎರಡು ತಲೆ ಇರುತ್ತವೆ, ಮುಂದಿನವರಿಗೊಂದು, ಹಿಂದೆ ಕೂತವರಿಗೊಂದು. ಮುಂಭಾಗ ಹ್ಯಾಂಡಲಿನ ಮೇಲೆ ಹರಡಿಕೊಳ್ಳುತ್ತದೆ, ಹೆಡ್‌ಲೈಟಿನ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಹೊಲಿದಿರುತ್ತಾರೆ. ಇಷ್ಟು ಯೋಚನೆ ಮಾಡಿ ಹೊಲಿದ ಬಟ್ಟೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಒಂದು ಕೊಂಡೇ ಬಿಟ್ಟಳು, ದಾವಣಗೆರೆಯ ಮಳೆಗೆ ಬೇಕಾಗುತ್ತದಂತೆ.

ಅಕ್ಕನ ಬೈಕ್ ಸವಾರಿಯ ಬಗ್ಗೆ ಹೇಳಲೇಬೇಕು. ಕೆರೆಯಿಂದ ದೂರದ ಮ್ಯೂಸಿಯಂ ಒಂದಕ್ಕೆ ಹೋಗಲು ಮೂರು ಗ್ರ್ಯಾಬ್ ಬೈಕ್ ಟ್ಯಾಕ್ಸಿ ಹಿಡಿದೆವು. ಹಸಿರು ಜಾಕೆಟ್ಟಿನ ಮೂವರು ಯುವಕರು ಬಂದು ಹೆಲ್ಮೆಟ್ ಕೊಟ್ಟರು. ಅಕ್ಕ ಉಟ್ಟಿದ್ದು ಇಳಕಲ್ ಸೀರೆ. ಭಾವನ ಸ್ಕೂಟರಿನಲ್ಲಿ ಕೂರುವಂತೆಯೇ ಒಂದೇ ಕಡೆಗೆ ಕಾಲು ಹಾಕಿ ಕೂತಳು. ಯುವಕ ಹಿಂದೆ ತಿರುಗಿ ನೋಡಿ, ಎರಡೂ ಕಡೆ ಕಾಲು ಹಾಕುವಂತೆ ಸನ್ನೆ ಮಾಡಿದ. ಅಕ್ಕ ಸೀರೆ ತೋರಿಸಿದಳು. ಅವನು ಸೀರೆಯನ್ನು ನೋಡಿದ, ರಸ್ತೆಯನ್ನು ನೋಡಿದ, ಪಕ್ಕದ ಚಹಾದಂಗಡಿಯ ಹೆಂಗಸನ್ನು ಏನೋ ಕೇಳಿದ. ಆಕೆ ಎದ್ದು ಬಂದು ಅಕ್ಕನ ಸೊಂಟದ ಹತ್ತಿರ ನೆರಿಗೆ ಮುಟ್ಟಿ ನೋಡಿ, ಸೆರಗಿನ ಕೆಂಪು ಅಂಚು ಸವರಿ, ನಕ್ಕು, ಹೋಗಲಿ ಬಿಡು ಎಂಬಂತೆ ಕೈಬೀಸಿದಳು. ಹೊರಟಿತು ಸವಾರಿ. ಅಷ್ಟು ನಿಧಾನವಾಗಿ ಹನೋಯ್‌ನಲ್ಲಿ ಯಾವ ಬೈಕೂ ಹೋಗಿರಲಿಕ್ಕಿಲ್ಲ.

ಎರಡು ಬೀದಿ ದಾಟಿರಬೇಕು. ಅಕ್ಕನ ಸೆರಗು ಜಾರಿ ಹಿಂದಿನ ಚಕ್ರದ ಹತ್ತಿರ ಹಾರಾಡತೊಡಗಿತು. ಹಿಂದಿನ ಬೈಕಿನಲ್ಲಿದ್ದ ನಾನು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಎಡಗಡೆಯಿಂದ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಹೆಂಗಸೊಬ್ಬಳು ತನ್ನ ಸ್ಕೂಟರನ್ನು ಅಕ್ಕನ ಬೈಕಿನ ಪಕ್ಕಕ್ಕೆ ತಂದು, ಚಲಿಸುತ್ತಿರುವಾಗಲೇ ಕೈ ಚಾಚಿ ಸೆರಗಿನ ತುದಿ ಹಿಡಿದು ಅಕ್ಕನ ಮಡಿಲಿಗೆ ಹಾಕಿದಳು. ಬಲಗಡೆಯಿಂದ ಇನ್ನೊಬ್ಬ ಹಾರ್ನ್ ಬಾರಿಸಿ ಚಾಲಕನಿಗೆ ಚಕ್ರದ ಕಡೆ ಬೆರಳು ತೋರಿಸಿದ. ಬೈಕು ನಿಂತಿತು, ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ತಲೆಯೆತ್ತಿ ನೋಡುವಷ್ಟರಲ್ಲಿ ಆ ಹೆಂಗಸು, ಮಗು ಇಬ್ಬರೂ ಜನಜಂಗುಳಿಯಲ್ಲಿ ಮಾಯ. ನಮ್ಮೂರಿನಲ್ಲೂ ‘ಅಮ್ಮಾ ಸೆರಗು!’, ‘ಸೈಡ್ ಸ್ಟ್ಯಾಂಡ್ ತೆಗೀರಿ ಸಾರ್!’ ಎಂದು ಕೂಗಿ ಹೇಳಿ ಮುಂದೆ ಹೋಗುವ ಅಪರಿಚಿತರಿದ್ದಾರೆ, ಅವರಿಂದಾಗಿ ಎಷ್ಟೋ ಮನೆಯ ದೀಪ ಉಳಿದಿದೆ. ಹನೋಯ್‌ನ ಟ್ರಾಫಿಕ್ ಇಡಿಯಾಗಿ ಓಡುತ್ತಿರುವುದೇ ಅಂಥ ಕಣ್ಣುಗಳ ಮೇಲೆ ಎಂದು ನನಗೆ ಅಂದು ಗಟ್ಟಿಯಾಯಿತು. ಅಲ್ಲಿ ಲೇನ್ ಇಲ್ಲ, ಪಾಳಿ ಇಲ್ಲ. ಆದರೆ ಪ್ರತಿಯೊಬ್ಬರೂ ಮುಂದಿನವರನ್ನು ನೋಡುತ್ತಿರುತ್ತಾರೆ. ಒಬ್ಬ ಅಡ್ಡ ಬಂದರೆ ಹಿಂದಿನವನು ಬೈಯುವುದಿಲ್ಲ, ದಾರಿ ಬದಲಿಸುತ್ತಾನೆ. ಅಷ್ಟು ದಿನದಲ್ಲಿ ರಸ್ತೆಯಲ್ಲಿ ಕೊರಳಪಟ್ಟಿ ಹಿಡಿದು ಜಗಳವಾಡುವವರನ್ನು ನಾವು ಕಾಣಲಿಲ್ಲ.

ಆದರೂ ಬರೀ ಕಣ್ಣಿನ ಮೇಲೆ ನಿಂತ ವ್ಯವಸ್ಥೆಯನ್ನು ಹಾಡಿ ಹೊಗಳಿ ಸುಮ್ಮನಾಗಲಾರೆ. 2006ರ ಡಿಸೆಂಬರಿನಲ್ಲಿ ಸೆಮೋರ್ ಪೇಪರ್ಟ್ ಇದೇ ಊರಿಗೆ ಬಂದಿದ್ದರು. ಮಕ್ಕಳು ಕಂಪ್ಯೂಟರಿನಲ್ಲಿ ಆಮೆಯನ್ನು ನಡೆಸುತ್ತ ಗಣಿತ ಕಲಿಯುವ ‘ಲೋಗೋ’ ಭಾಷೆಯನ್ನು ರೂಪಿಸಿದವರಲ್ಲಿ ಪ್ರಮುಖರು, ಅಮೆರಿಕದ ಎಂ.ಐ.ಟಿ.ಯ ಗಣಿತಜ್ಞ. ನಮ್ಮ ಎಷ್ಟೋ ಶಾಲೆಗಳ ಮಕ್ಕಳು ಮೊದಲು ಬರೆದ ಕಂಪ್ಯೂಟರ್ ಆಜ್ಞೆಯೂ ಆ ಆಮೆಗೆ ಕೊಟ್ಟದ್ದೇ. ಗಣಿತ ಶಿಕ್ಷಣದ ಸಮ್ಮೇಳನಕ್ಕೆ ಬಂದಿದ್ದ ಅವರು ಸಹೋದ್ಯೋಗಿ ಯೂರಿ ವಿಲೆನ್ಸ್ಕಿ ಅವರ ಜೊತೆ ನಡೆಯುತ್ತ, ಹನೋಯ್‌ನ ಈ ಟ್ರಾಫಿಕ್ಕಿಗೆ ಗಣಿತದ ಮಾದರಿ ಕಟ್ಟುವುದು ಹೇಗೆಂದು ಮಾತಾಡುತ್ತಿದ್ದರು. ಯಜಮಾನನಿಲ್ಲದೆ ಸಾವಿರಾರು ಜನ ತಮ್ಮ ತಮ್ಮ ಸಣ್ಣ ನಿಯಮ ಪಾಲಿಸಿದಾಗ ದೊಡ್ಡ ವ್ಯವಸ್ಥೆಯೊಂದು ತಾನಾಗಿ ಹುಟ್ಟುವ ಬಗೆ ಅವರಿಗೆ ಪ್ರಿಯವಾದ ವಿಷಯ. ಅದೇ ಹೊತ್ತಿಗೆ ರಸ್ತೆ ದಾಟುವಾಗ ಬೈಕೊಂದು ಅವರಿಗೆ ಡಿಕ್ಕಿ ಹೊಡೆಯಿತು. ಆಗ ಅವರಿಗೆ 78 ವರ್ಷ. ಮಿದುಳಿಗೆ ಬಿದ್ದ ಪೆಟ್ಟಿನಿಂದ ಬದುಕಿ ಉಳಿದರು, ಆದರೆ ಮೊದಲಿನಂತಾಗಲಿಲ್ಲ. 2016ರಲ್ಲಿ ತೀರಿಕೊಂಡರು. ಆ ಊರಿನ ರಸ್ತೆಯನ್ನು ಅವರಷ್ಟು ಪ್ರೀತಿಯಿಂದ, ಅವರಷ್ಟು ಬುದ್ಧಿಯಿಂದ ನೋಡಿದವರು ಕಡಿಮೆ. ಒಬ್ಬನ ಗಮನ ಒಂದು ಕ್ಷಣ ತಪ್ಪಿದರೆ ಸಾಕು, ಅಷ್ಟೂ ಜನರ ಗಮನವಿದ್ದೂ ಉಪಯೋಗವಿಲ್ಲ.

ಪೇಪರ್ಟ್ ಅವರಿಗೆ ಪೆಟ್ಟಾದ ಮರುವರ್ಷ, 2007ರ ಡಿಸೆಂಬರ್ 15ರಿಂದ, ವಿಯೆಟ್ನಾಂ ಎಲ್ಲ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಹಿಂದಿನ ದಿನ ಬರಿತಲೆಯಲ್ಲಿ ಓಡಾಡಿದ ಊರು ಮರುದಿನ ಹೆಲ್ಮೆಟ್ ಹಾಕಿಕೊಂಡು ಹೊರಟಿತು ಎಂದು ಅಲ್ಲಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 2020ರಿಂದ ಕುಡಿದು ಗಾಡಿ ಓಡಿಸುವುದಕ್ಕೆ ಒಂದು ಹನಿಯ ರಿಯಾಯಿತಿಯೂ ಇಲ್ಲ. ಇಷ್ಟಾದರೂ ಹತ್ತು ಕೋಟಿ ಜನರ ಆ ದೇಶದಲ್ಲಿ 2024ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು ಹತ್ತು ಸಾವಿರಕ್ಕೂ ಹೆಚ್ಚು. ನಮ್ಮ ದೇಶದಲ್ಲಿ 2022ರಲ್ಲಿ ಸತ್ತವರು 1,68,491. ಜನಸಂಖ್ಯೆಗೆ ಭಾಗಿಸಿ ನೋಡಿದರೆ ಎರಡೂ ದೇಶಗಳ ಪಾಡು ಹೆಚ್ಚುಕಡಿಮೆ ಒಂದೇ.

ನಾವು ಇಳಿಯುವ ಕೆಲವೇ ದಿನ ಮುಂಚೆ, 2025ರ ಜನವರಿ 1ರಿಂದ, ಹೊಸ ದಂಡ ಜಾರಿಯಾಗಿತ್ತು. ಕೆಂಪು ದೀಪ ದಾಟಿದ ಬೈಕಿಗೆ ಅದುವರೆಗೆ ಎಂಟರಿಂದ ಹತ್ತು ಲಕ್ಷ ಡಾಂಗ್ ದಂಡವಿತ್ತು, ಈಗ ನಲವತ್ತರಿಂದ ಅರವತ್ತು ಲಕ್ಷ ಡಾಂಗ್. ನಮ್ಮ ಲೆಕ್ಕದಲ್ಲಿ ಹದಿಮೂರು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿ. 2024ರಲ್ಲಿ ಅಲ್ಲಿನ ದುಡಿಯುವವರ ತಿಂಗಳ ಸರಾಸರಿ ಸಂಪಾದನೆಯೇ 77 ಲಕ್ಷ ಡಾಂಗ್ ಇತ್ತು. ಫುಟ್‌ಪಾತ್ ಹತ್ತಿದರೂ ಅಷ್ಟೇ ದಂಡ. ಅಪರಾಧ ತೋರಿಸಿಕೊಟ್ಟವರಿಗೆ ಬಹುಮಾನವೂ ಉಂಟು. ಪರಿಣಾಮ ಕಣ್ಣಿಗೆ ಕಾಣುತ್ತಿತ್ತು. ಸಿಗ್ನಲ್ ಇದ್ದಲ್ಲಿ ನೂರಾರು ಬೈಕುಗಳು ಬಿಳಿ ಗೆರೆಗೆ ಮುಟ್ಟಿಯೂ ಮುಟ್ಟದಂತೆ ನಿಂತಿದ್ದವು. ಮುಂದಿನ ಚಕ್ರ ನಾಲ್ಕು ಬೆರಳು ಆಚೆ ಹೋಗಿದ್ದ ಒಬ್ಬ ಕಾಲಿನಿಂದ ಒದ್ದು ಒದ್ದು ಬೈಕನ್ನು ಹಿಂದಕ್ಕೆ ಎಳೆದುಕೊಂಡ, ಹಿಂದಿನವರೆಲ್ಲ ಸರಿದು ಜಾಗ ಮಾಡಿಕೊಟ್ಟರು. ಸಾಲು ಬೆಳೆದು ಜಾಮ್ ಹೆಚ್ಚಾಗಿದೆ, ಆಂಬುಲೆನ್ಸಿಗೆ ದಾರಿ ಬಿಡಲು ಗೆರೆ ದಾಟಿದರೂ ದಂಡ ಬೀಳುವುದೇ ಎಂದು ಜನ ಹೆದರುತ್ತಿದ್ದಾರೆ ಎಂದು ಹೋಟೆಲಿನ ಹುಡುಗ ಬೇಸರದಿಂದ ಹೇಳಿದ. ಅವನ ಸಂಕಟ ನಿಜ. ದಂಡ ದುಬಾರಿಯೂ ಹೌದು. ಆದರೆ ಹಸಿರು ದೀಪದಲ್ಲಿ ಅಕ್ಕ ಯಾರ ಕೈಯನ್ನೂ ಹಿಡಿಯದೆ ಜೀಬ್ರಾ ಪಟ್ಟಿಯ ಮೇಲೆ ದಾಟಿದಳಲ್ಲ, ಅದನ್ನು ನೋಡಿದ ನಾನು ಸಿಗ್ನಲಿನ ಪರ.

ಕೆಂಪು ನದಿಯ ಮೇಲಿನ ಲಾಂಗ್ ಬಿಯೆನ್ ಸೇತುವೆ ಭಾವನಿಗೆ ಬಹಳ ಹಿಡಿಸಿತು. ಐಫೆಲ್ ಗೋಪುರದವರೇ ಇದನ್ನೂ ಕಟ್ಟಿದ್ದು ಎಂದು ಹೇಳುವವರಿದ್ದಾರೆ. ಕಟ್ಟಿದ್ದು ದೇಡೆ ಮತ್ತು ಪಿಯೆ ಎಂಬ ಬೇರೆ ಫ್ರೆಂಚ್ ಕಂಪನಿ, 1902ಕ್ಕೆ ಮುಗಿಸಿದರು. ಅಮೆರಿಕದ ಬಾಂಬುಗಳು ಮತ್ತೆ ಮತ್ತೆ ಬಿದ್ದು ಮುರಿದಾಗಲೆಲ್ಲ ಊರವರು ರಿಪೇರಿ ಮಾಡಿ ನಿಲ್ಲಿಸಿಕೊಂಡ ಸೇತುವೆ ಅದು. ನಡುವೆ ರೈಲು, ಎರಡು ಅಂಚಿನಲ್ಲಿ ಬೈಕು, ಸೈಕಲ್ಲು, ಕಾಲ್ನಡಿಗೆಯವರು. ಇಡೀ ದೇಶ ಬಲಬದಿಯಲ್ಲಿ ಓಡಿದರೂ ಈ ಸೇತುವೆಯ ಮೇಲೆ ಮಾತ್ರ ವಾಹನಗಳು ಎಡಬದಿಯಲ್ಲೇ ಓಡುತ್ತವೆ. ಭಾವ ಅಂಚಿನ ಕಂಬಿ ಹಿಡಿದು ನಿಂತು ಅತ್ತ ಇತ್ತ ನೋಡಿ ಖುಷಿಯಾದರು. “ಈಗ ನಮ್ಮ ಕಡೆ ಬಂದಂಗಾತು,” ಎಂದರು. ಆಮೇಲೆ ಸೇತುವೆ ಇಳಿಯುವವರೆಗೂ ನಮ್ಮಿಬ್ಬರ ಮುಂದೆ ಅವರೇ.

ಊರಿಗೆ ಬಂದ ಮೇಲೂ ಹನೋಯ್ ಸುದ್ದಿ ಎಲ್ಲಿ ಕಂಡರೂ ಓದುತ್ತಿದ್ದೇನೆ. ನಾವು ಹೋದ ತಿಂಗಳ ಮೊದಲ ವಾರದಲ್ಲಿ ಜಗತ್ತಿನ ಅತಿ ಕೊಳಕು ಗಾಳಿಯ ನಗರಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತ್ತು, ಅಕ್ಕ ಬಂದ ಮೇಲೂ ಒಂದಷ್ಟು ದಿನ ಕೆಮ್ಮುತ್ತಿದ್ದಳು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಪ್ರಧಾನಿ, ಊರ ನಡುವಿನ ಮೊದಲ ವರ್ತುಲ ರಸ್ತೆಯೊಳಗೆ 2026ರ ಜುಲೈ 1ರಿಂದ ಪೆಟ್ರೋಲ್ ಬೈಕುಗಳು ಓಡದಂತೆ ಕ್ರಮ ಕೈಗೊಳ್ಳಲು ನಿರ್ದೇಶನ ಕೊಟ್ಟರು. ಹಳೇ ಪೇಟೆ, ಕೆರೆ, ಕಾರಂಜಿಯ ಚೌಕ ಎಲ್ಲ ಅದರೊಳಗೇ ಬರುತ್ತವೆ. ಗಾಳಿ ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಬ್ಬದ ಗಿಡ ಹೊರುವವನ ಹತ್ತಿರ ಇರುವುದು ಸೀಟು ಹರಿದ, ಹಗ್ಗ ಉಜ್ಜಿ ಉಜ್ಜಿ ಬಣ್ಣ ಹೋದ ಹಳೇ ವೇವ್. ಅವನ ಅನ್ನ ಅದರ ಮೇಲಿದೆ. ಅದನ್ನು ಬಿಡಿಸುವುದಾದರೆ, ಅಷ್ಟೇ ಹೊರೆ ಹೊರುವ ಎಲೆಕ್ಟ್ರಿಕ್ ಬೈಕು ಅವನ ಕೈಗೆಟುಕುವ ಬೆಲೆಗೆ ಸಿಗಬೇಕು, ಅವನ ಗಲ್ಲಿಯಲ್ಲಿ ಚಾರ್ಜ್ ಮಾಡಿಕೊಳ್ಳಲು ಜಾಗ ಇರಬೇಕು, ಬದಲಾಯಿಸಿಕೊಳ್ಳಲು ಅವನಿಗೆ ಸಾಕಷ್ಟು ಕಾಲ ಕೊಡಬೇಕು. ಅಲ್ಲಿನ ಸರ್ಕಾರ ಮೊದಲು ಅವನ ಮನೆ ಬಾಗಿಲಿಗೆ ಹೋಗಿ ಮಾತಾಡಲಿ ಎಂಬುದು ನನ್ನ ಆಸೆ.